ಮುಖಪುಟಕ್ಕೆ ಬಿದ್ದ ಠಸ್ಸೆ

ನನ್ನ ಪುಸ್ತಕದ ಮುಖಪುಟ ಕಂಡು ಇಡೀ ಮೈಸೂರು ಬೆರಗಾಗಬೇಕು! ತೊಂಬತ್ತಾರನೇ ಇಸವಿಯಲ್ಲಿ ನಾನು ಮಾಡಿದ ಪ್ರತಿಜ್ಞೆ ಇದು. ಪುಸ್ತಕ ದಿನಬಳಕೆಯ ರಸಾಯನ ವಿಜ್ಞಾನದ್ದು. ಪ್ರಕಾಶಕ ರುದ್ರಸ್ವಾಮಿಯವರು ಒಂದು ಪ್ರನಾಳದ ಚಿತ್ರ ಸಾಕು ಎಂದಿದ್ದರು. ನಾನೋ, ಲೈಬ್ರರಿಯಲ್ಲಿ ಪಾಪ್ ಆರ್ಟ್ ಕೊಲಾಜ್ ಬಗ್ಗೆ ಓದಿಬಂದಿದ್ದೆ. ಅಂಗಡಿ ಸಾಮಾನಿನ ಕವರುಗಳನ್ನೇ ಸಾಲಾಗಿ ಅಂಟಿಸಿದರೆ ಅದೇ ಮಹಾಕಲೆ!

ಬೀರುವಿನ ಮೇಲೆ, ಹೇಳಿ ಮಾಡಿಸಿದ ಹಾಗೆ, ಒಂದೇ ಥರದ ಇಪ್ಪತ್ತು ಖಾಲಿ ಸೋಪಿನಪುಡಿ ಕವರುಗಳು ಸಿಕ್ಕವು. ಅಳೆದು, ಗೆರೆ ಎಳೆದು, ನಾನೇ ಕಾಯಿಸಿದ, ನೀರಿಗೂ ಜಗ್ಗದ ಅಂಟಿನಿಂದ ರಟ್ಟಿಗೆ ಅಂಟಿಸಿದೆ. ನಡುವೆ ದಪ್ಪಕ್ಷರದಲ್ಲಿ ನನ್ನ ಹೆಸರು: ಚಂದ್ರಮೌಳಿ.

"ರೀ, ಬೀರು ಮೇಲಿದ್ದ ಕವರೆಲ್ಲ ಎಲ್ರೀ?" ಹೆಂಡತಿ ಸುಷ್ಮಾ ಕೂಗಿದಳು.

"ಈಗವು ಕವರಲ್ಲ, ಕಲೆ!"

"ಸೋಪಿನಪುಡಿ ಇರೋದೇ ಕಲೆ ತೆಗೆಯೋಕೆ ಕಣ್ರೀ! ಇಪ್ಪತ್ತು ಕವರು ಕೊಟ್ರೆ ಒಂದು ಇಡ್ಲಿ ಪಾತ್ರೆ ಕೊಡ್ತಾರೆ. ವರ್ಷವೆಲ್ಲ ಕೂಡಿಟ್ಟಿದ್ದೆ. ಇವತ್ತೇ ಕಡೇ ದಿನ. ಬಿಡಿಸ್ಕೊಡಿ!"

ಅಂಟಿನ ವಿಚಾರದಲ್ಲಿ ನಾನು ಸುಳ್ಳು ಹೇಳಲಾರೆ. "ಅದು... ಬಿಡೋದಿಲ್ಲ. ಹಿಂದಕ್ಕೆ ಹೋಗದ ರಾಸಾಯನಿಕ ಕ್ರಿಯೆ," ಎಂದೆ.

"ಹಂಗಾದ್ರೆ ರಟ್ಟೇ ಬರ್ಲಿ. ಸ್ಕೂಟರ್ ತೆಗೀರಿ!"

ಯಾದವಗಿರಿಯ ನಮ್ಮ ಮನೆಯಿಂದ ಸೋಪಿನಪುಡಿ ಏಜೆನ್ಸಿಯ ಅಂಗಡಿಯವರೆಗೆ ಸುಷ್ಮಾ ನನ್ನ ಹಿಂದೆ ರಟ್ಟನ್ನು ಹಾಯಿಯಂತೆ ಹಿಡಿದು ಕುಳಿತಳು. ಗಾಳಿ ಬೀಸಿದಾಗಲೆಲ್ಲ ಸ್ಕೂಟರು ಹಡಗಾಗುತ್ತಿತ್ತು!

"ಇದೇನ್ ಸಾರ್, ಕೇರಂ ಬೋರ್ಡಾ?" ಎಂದರು ಅಂಗಡಿಯ ಗೋವಿಂದರಾಜು.

"ಕವರು ಕಣ್ರೀ. ಎಣಿಸ್ಕೊಳ್ಳಿ," ಎಂದಳು ಸುಷ್ಮಾ.

"ಯಾವುದಕ್ಕೆ ಅಂಟಿದ್ರೆ ನಮಗೇನು, ಬುಡಿ ಅಕ್ಕ. ಆದ್ರೆ ಠಸ್ಸೆ ಒತ್ತಲೇಬೇಕು. ಇಲ್ದಿದ್ರೆ ಇದನ್ನೇ ಮತ್ತೆ ತಂದ್ಬುಡ್ತೀರಿ!"

"ಅಯ್ಯೋ, ಸಂಜೆ ಇದು ಪ್ರೆಸ್ಸಿಗೆ ಹೋಗಬೇಕು!" ಎಂದೆ.

ಸುಷ್ಮಾ ಕಪಾಟಿನಲ್ಲಿ ಫಳಫಳ ಹೊಳೆಯುತ್ತಿದ್ದ ಇಡ್ಲಿ ಪಾತ್ರೆಯನ್ನು ಒಮ್ಮೆ ನೋಡಿದಳು, ಅಷ್ಟೇ. ಆ ನೋಟ ಕಂಡ ಮೇಲೆ ನಾನೇ, "ಒತ್ತಿ," ಎಂದೆ.

ಠಪ್! ಠಪ್! ಒಂದೊಂದು ಕವರಿನ ಮೇಲೂ ನೇರಳೆ ಶಾಯಿಯಲ್ಲಿ 'ರದ್ದು'. ಓಡುತ್ತಿದ್ದ ಕೈ ನಿಲ್ಲದೆ ನನ್ನ ಹೆಸರಿನ ಮೇಲೂ ಒಂದು!

ಸಂಜೆ ರುದ್ರಸ್ವಾಮಿಯವರ ಮುಂದೆ ರಟ್ಟು ಇಟ್ಟು, ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವರು ಕನ್ನಡಕ ಏರಿಸಿ ನೋಡಿದರು.

"ತನ್ನ ಹೆಸರನ್ನೇ ರದ್ದು ಮಾಡ್ಕೊಂಡ ಲೇಖಕನ್ನ ಇದುವರೆಗೂ ಕಂಡಿರಲಿಲ್ಲ ಸಾರ್! ಇದು ಹೀಗೇ ಅಚ್ಚಾಗಲಿ!"

ಅಚ್ಚಾಯಿತು. ಪುಸ್ತಕ ಓದಿದವರು ಕಡಿಮೆ, ಮುಖಪುಟ ಹೊಗಳಿದವರು ಬಹಳ. ಅದರಲ್ಲೂ ಎಲ್ಲರೂ ಹೊಗಳಿದ್ದು ನಾನು ಮಾಡದೇ ಇದ್ದ ಒಂದೇ ಭಾಗವನ್ನು: ಗೋವಿಂದರಾಜು ಅವರ ಠಸ್ಸೆಯನ್ನು!

"ಇನ್ನು ನಾನು ಪುಸ್ತಕ ಬರೆಯೋದಿಲ್ಲ," ಎಂದು ಊಟದ ಮೇಜಿನ ಮುಂದೆ ಘೋಷಿಸಿದೆ.

ಸುಷ್ಮಾ ಹೊಸ ಪಾತ್ರೆಯಿಂದ ಬಿಸಿ ಇಡ್ಲಿ ತೆಗೆದು ನನ್ನ ತಟ್ಟೆಗೆ ಹಾಕಿದಳು.

"ಹಂಗನ್ಬೇಡಿ. ಬೇಗ ಇನ್ನೊಂದು ಬರೀರಿ. ಈ ಸಲ ಕವರಿಗೆ ಕುಕ್ಕರ್ ಕೊಡ್ತಾರಂತೆ!"