ಕಾಫಿಗಾಗಿ ಕಟ್ಟಿದ ಗೋಡೆ

ರಂಗನಾಥ ಇದ್ದಿದ್ದರೆ ಈ ಕಥೆಯನ್ನು ಅವನೇ ಹೇಳುತ್ತಿದ್ದ. ಹೆಂಡತಿಯ ಕಿವಿಗೆ ಬೀಳದ ಹಾಗೆ ದನಿ ತಗ್ಗಿಸಿ, ಒಂದಿಷ್ಟು ಸುಳ್ಳು ಸೇರಿಸಿ, ನನಗಿಂತ ಚೆನ್ನಾಗಿ. ಅವನು ತೀರಿಕೊಂಡ ಮೇಲೆ ಹೇಳುವ ಕೆಲಸ ಗೆಳೆಯನಾದ ನನ್ನ ಪಾಲಿಗೆ ಬಂದಿದೆ. ಸುಳ್ಳು ಸೇರಿಸುವ ಚಾತುರ್ಯ ನನಗಿಲ್ಲ, ನಡೆದಷ್ಟು ಹೇಳುತ್ತೇನೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ರಂಗನಾಥ ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಲೆಕ್ಕ ಬರೆಯುವ ರೈಟರು. ತೋಟಗಳಿಂದ ಬರುವ ಬೀಜವನ್ನು ಅಂಗೈಯಲ್ಲಿ ಉಜ್ಜಿ ಮೂಸಿದರೆ ಸಾಕು, ಅತ್ತಿಗುಂಡಿಯದೋ ಜಾವಳಿಯದೋ ಹೇಳಿಬಿಡುತ್ತಿದ್ದ. (ಒಮ್ಮೊಮ್ಮೆ ಸರಿಯಾಗಿಯೂ ಇರುತ್ತಿತ್ತು.) ಹಗಲೆಲ್ಲ ಒಳ್ಳೆಯ ಕಾಫಿಯ ನಡುವೆ ಬಾಳುವ ಈ ಮನುಷ್ಯನಿಗೆ ಮನೆಯಲ್ಲಿ ಬೆಳಗಾಗುತ್ತಲೇ ಸಿಗುತ್ತಿದ್ದದ್ದು ಚಿಕೋರಿ ಬೆರೆಸಿದ ಕಾಫಿ. ಕಪ್ಪಗೆ, ಮಂದವಾಗಿ, ಗಂಟಲಲ್ಲಿ ಕಷಾಯದ ಹಾಗೆ ಇಳಿಯುವಂಥದ್ದು. ಇನ್ನು ಸಾಯುವುದರೊಳಗೆ ಸ್ವಂತ ಮನೆಯಲ್ಲಿ ಒಂದು ಲೋಟ ಶುದ್ಧ ಕಾಫಿ ಕುಡಿಯಬೇಕು ಎಂಬುದೊಂದೇ ಅವನ ಆಸೆ.

ಮನೆಯಲ್ಲಿದ್ದವರು ಅಣ್ಣ ಚಂದ್ರಶೇಖರ, ಅತ್ತಿಗೆ ಸಾವಿತ್ರಮ್ಮ, ರಂಗನಾಥ, ಅವನ ಹೆಂಡತಿ ವಿಮಲಮ್ಮ, ಮಕ್ಕಳು. ಎಲ್ಲರಿಗೂ ಒಂದೇ ಒಲೆ. ಮುಂಜಾನೆ ಅಣ್ಣತಮ್ಮಂದಿರು ಜಗಲಿಯಲ್ಲಿ ಕೂತಿರುವಾಗ ಕಾಫಿ ಲೋಟ ತಂದಿಡುವವರು ಅತ್ತಿಗೆ. ಭಾವನವರು ಕೂತ ಜಗಲಿಗೆ ವಿಮಲಮ್ಮ ಬರುವ ಪದ್ಧತಿ ಇರಲಿಲ್ಲ.

‘ಚಿಕೋರಿ ಹಾಕಬೇಡಿ’ ಎಂದು ಅತ್ತಿಗೆಗೆ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ತಾಯಿ ಹೋದ ಮೇಲೆ ಉಣ್ಣಿಸಿ ಬೆಳೆಸಿದ ಅತ್ತಿಗೆಗೆ ಕಾಫಿ ಚೆನ್ನಾಗಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಹೆಂಡತಿಯ ಹತ್ತಿರ ಹೇಳಿಕೊಂಡರೆ ಸಂಜೆಯೊಳಗೆ ಅತ್ತಿಗೆಗೆ ಮುಟ್ಟುತ್ತಿತ್ತು. ಆದ್ದರಿಂದ ರಂಗನಾಥ ಇದಕ್ಕಿಂತ ಸುಲಭವಾದ ದಾರಿ ಹಿಡಿದ. ಮನೆಯನ್ನು ಎರಡು ಮಾಡಿ ಬೇರೆ ಬೇರೆ ಖಾತೆ ಕೊಡಬೇಕೆಂದು ಮುನಿಸಿಪಾಲಿಟಿಗೆ ಅರ್ಜಿ ಬರೆದ. ‘ಮಹಾರಾಜಶ್ರೀ ಪ್ರೆಸಿಡೆಂಟ್ ಸಾಹೇಬರ ದಿವ್ಯ ಸನ್ನಿಧಾನಕ್ಕೆ’ ಎಂದು ಶುರುವಾದ ಆ ಅರ್ಜಿಯಲ್ಲಿ ಸ್ಥಳಾಭಾವ, ಮಕ್ಕಳ ವಿದ್ಯಾಭ್ಯಾಸ, ಗಾಳಿ ಬೆಳಕು, ಸಾರ್ವಜನಿಕ ಆರೋಗ್ಯ ಎಲ್ಲವೂ ಇದ್ದವು. ಕಾಫಿ ಇರಲಿಲ್ಲ.

“ನಿಮಗೇನು ತಲೆ ಕೆಟ್ಟಿದೆಯಾ?” ಎಂದರು ವಿಮಲಮ್ಮ. “ನಾನು ಅಕ್ಕನ ಜೊತೆ ಜಗಳ ಆಡಿದೀನಾ?”

“ಇಲ್ಲ.”

“ಅಕ್ಕ ನನ್ನ ಜೊತೆ ಆಡಿದಾರಾ?”

“ಇಲ್ಲ ಮಾರಾಯ್ತಿ.”

“ಜಗಳಾನೇ ಇಲ್ದೆ ಬೇರೆ ಹೋದ್ರೆ ಊರವ್ರು ಏನಂದ್ಕೊಳ್ತಾರೆ? ಮರ್ಯಾದಸ್ಥರ ಹಾಗೆ ಒಂದು ಜಗಳ ಆಡಿ ಆಮೇಲೆ ಹೋಗ್ಬಾರ್ದಾ?”

“ಗಾಳಿ ಬೆಳಕಿಗೆ ಕಣೇ.”

“ಗಾಳಿ ಬರ್ಲಿ ಅಂತ ಯಾರಾದ್ರೂ ಗೋಡೆ ಕಟ್ತಾರಾ?”

ರಂಗನಾಥ ಅರ್ಜಿ ಹಿಡಿದುಕೊಂಡು ಅಣ್ಣನ ಸಹಿಗೆ ಹೋದ. ಹೇಗೆ ಕೇಳುವುದೆಂದು ದಾರಿಯುದ್ದಕ್ಕೂ (ಅಂದರೆ ನಡುಮನೆಯಿಂದ ಜಗಲಿಯವರೆಗೆ) ಮಾತು ಜೋಡಿಸಿಕೊಂಡಿದ್ದ. ಚಂದ್ರಶೇಖರ ಅರ್ಜಿಯನ್ನು ಓದಲೇ ಇಲ್ಲ. “ಎಲ್ಲಿ ಹಾಕ್ಬೇಕು?” ಎಂದು ಕೇಳಿ ಹಾಕಿದ. “ಗೋಡೆ ಕಟ್ಟೋರು ಯಾವಾಗ ಬರ್ತಾರೆ?” ಎಂದ. ಅಣ್ಣನ ಔದಾರ್ಯ ಕಂಡು ರಂಗನಾಥನ ಕಣ್ಣು ತುಂಬಿತು.

ಸೂರಿನವರೆಗೆ ಗೋಡೆ, ಬೀದಿಗೆ ಬೇರೆ ಬಾಗಿಲು, ಹೊಗೆಕಿಂಡಿ ಇರುವ ಬೇರೆ ಅಡಿಗೆಮನೆ ಆಗಬೇಕೆಂದು ಮುನಿಸಿಪಾಲಿಟಿ ಹೇಳಿತು. ಎಲ್ಲವೂ ಆಯಿತು. ಹೊಸ ಒಲೆ ಹಚ್ಚಿದ ದಿನವೇ ಓವರ್ಸಿಯರ್ ಬೊಮ್ಮಯ್ಯನವರು ತನಿಖೆಗೆ ಬಂದರು. ಮೊದಲು ಅಣ್ಣನ ಭಾಗ ನೋಡಿ, ಅಲ್ಲಿ ಕಾಫಿ ಕುಡಿದು, ಮೀಸೆ ಒರೆಸಿಕೊಳ್ಳುತ್ತ ಈಚೆಗೆ ಬಂದರು. ಗೋಡೆಯನ್ನು ಬೆರಳಿನಿಂದ ಕುಟ್ಟಿದರು.

“ಗೋಡೆ ಯಾರು ಬೇಕಾದ್ರೂ ಕಟ್ತಾರೆ ಸ್ವಾಮಿ. ಸಂಸಾರ ಬೇರೆ ಅನ್ನೋದಕ್ಕೆ ರುಜುವಾತೇನು? ನನಗೆ ತೋರಿಸೋಕೆ ಅಂತ ಎರಡು ಒಲೆ ಹಚ್ಚಿ, ನಾನು ಬೀದಿ ತಿರುಗೋದ್ರೊಳಗೆ ಒಟ್ಟಿಗೆ ಊಟಕ್ಕೆ ಕೂತೋರನ್ನ ಕಂಡಿದೀನಿ.”

ಅಷ್ಟರಲ್ಲಿ ವಿಮಲಮ್ಮ ಇಬ್ಬರಿಗೂ ಕಾಫಿ ತಂದಿಟ್ಟರು. ಬೊಮ್ಮಯ್ಯನವರು ಒಂದು ಗುಟುಕು ಕುಡಿದರು. ಲೋಟದೊಳಗೆ ನೋಡಿದರು. ಗೋಡೆಯ ಕಡೆ ನೋಡಿದರು. ಲೋಟ ಕೆಳಗಿಟ್ಟು ಪೆನ್ನು ತೆಗೆದರು.

“ಸಾಕು ಸ್ವಾಮಿ. ಆ ಕಾಫಿಗೂ ಈ ಕಾಫಿಗೂ ಯಾವ ಜನ್ಮದ ಸಂಬಂಧವೂ ಇಲ್ಲ. ಇದು ಬೇರೆ ಸಂಸಾರವೇ.” ಸಹಿ ಹಾಕಿ ಹೊರಟೇಬಿಟ್ಟರು.

ರಂಗನಾಥ ಗೆದ್ದವನ ಹಾಗೆ ತನ್ನ ಲೋಟ ಎತ್ತಿ ಕುಡಿದ. ಅದೇ ಕಷಾಯ.

“ವಿಮಲಾ, ಅತ್ತಿಗೆ ಹತ್ರ ಪುಡಿ ಇಸ್ಕೊಂಡ್ಯಾ?”

“ಅವ್ರ ಪುಡಿ ನಮಗ್ಯಾಕೆ? ಇಷ್ಟು ವರ್ಷ ದಿನಾ ಕಾಫಿ ಮಾಡಿದೋಳು ನಾನು. ಅಕ್ಕ ಲೋಟ ತಂದಿಡ್ತಿದ್ರು ಅಷ್ಟೆ. ಚಿಕೋರಿ ನಮ್ಮ ತವರಿಂದ ತರಿಸೋದು. ನೀವು ತಳ ಬಿಡದ ಹಾಗೆ ಕುಡೀತಿದ್ರಲ್ಲ! ಇನ್ಮೇಲೆ ನಮ್ಮದೇ ಮನೆ, ಯಾರ ಹಂಗು ಅಂತ ಇವತ್ತು ಒಂದು ಚಮಚ ಜಾಸ್ತೀನೇ ಹಾಕಿದೀನಿ.”

ರಂಗನಾಥ ಬೀದಿಗೆ ಓಡಿ ಓವರ್ಸಿಯರನ್ನು ತಡೆದ. “ಸ್ವಾಮಿ, ಇದನ್ನ ಮತ್ತೆ ಒಂದೇ ಮನೆ ಮಾಡ್ಬಹುದಾ?”

“ಧಾರಾಳವಾಗಿ. ಹೊಸ ಅರ್ಜಿ ಕೊಡಿ. ಇಬ್ಬರ ಸಹಿಯೂ ಬೇಕು.”

ಚಂದ್ರಶೇಖರ ಜಗಲಿಯಲ್ಲಿ ಕಣ್ಣು ಮುಚ್ಚಿಕೊಂಡು ಎರಡನೆಯ ಲೋಟ ಕುಡಿಯುತ್ತಿದ್ದ.

“ಅಣ್ಣಯ್ಯ, ಇನ್ನೊಂದು ಸಹಿ ಬೇಕಿತ್ತು...”

ಅಣ್ಣ ಕಣ್ಣು ತೆರೆಯಲಿಲ್ಲ. “ರಂಗ, ತಮ್ಮನ ಹೆಂಡತಿ ಕೈಯಡಿಗೇನ ಭಾವ ಆದವನು ಹಳೀಬಾರ್ದು. ನಾನು ಹಳೀಲಿಲ್ಲ. ನಿಮ್ಮತ್ತಿಗೇನೂ ಹಳೀಲಿಲ್ಲ. ಇನ್ನು ಏನು ಬೇಕಾದ್ರೂ ಕೇಳು, ಬಾವಿ ಕೇಳು, ಹಿತ್ತಿಲು ಕೇಳು. ಸಹಿ ಮಾತ್ರ ಕೇಳಬೇಡ ಮಾರಾಯ.”

ಅತ್ತಿಗೆ ಒಳಗಿನಿಂದ ಅವನಿಗೂ ಒಂದು ಲೋಟ ತಂದರು. ಅವನು ಕೈ ಚಾಚುವಷ್ಟರಲ್ಲಿ ಹೊಸ ಬಾಗಿಲಿನಿಂದ ವಿಮಲಮ್ಮನ ದನಿ ಬಂತು. “ಏನೂಂದ್ರೆ, ನಿಮ್ಮ ಕಾಫಿ ಆರಿಹೋಗ್ತಿದೆ! ಓವರ್ಸಿಯರ್ ಬಿಟ್ಟು ಹೋಗಿದ್ದನ್ನೂ ಬಿಸಿ ಮಾಡಿದೀನಿ!”

ರಂಗನಾಥ ಎದ್ದು ಹೋಗಿ ಎರಡನ್ನೂ ಕುಡಿದ. ಆಮೇಲೂ ಬದುಕಿದ್ದಷ್ಟು ದಿನ ಅದನ್ನೇ ಕುಡಿದ. ಹೆಂಡತಿಗೆ ಒಂದು ಮಾತೂ ಹೇಳಲಿಲ್ಲ.

ಕರ್ಮಾಂತರ ಮುಗಿದ ಮೇಲೆ ಮಾತಾಡಿಸಿಕೊಂಡು ಬರಲು ಹೋಗಿದ್ದೆ. ವಿಮಲಮ್ಮ ನನ್ನ ಮುಂದೆ ಕಾಫಿ ಇಟ್ಟು, “ಅವ್ರಿಗೆ ಇದು ಅಂದ್ರೆ ಪ್ರಾಣ” ಎಂದರು.

“ನನಗೆ ಗೊತ್ತಲ್ಲ ತಾಯಿ” ಎಂದೆ.

ಅವರು ನನ್ನ ಲೋಟಕ್ಕೆ ಇನ್ನಷ್ಟು ಬಗ್ಗಿಸಿದರು.