ಲಕ್ಷ ವೋಲ್ಟಿನವನೂ ಆರು ವೋಲ್ಟಿನ ಯಂತ್ರವೂ

ಇಂಥವು ನನಗೇ ಯಾಕೆ ಆಗುತ್ತವೆ ಎಂದು ಕೇಳಿಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಆಗುತ್ತವೆ, ಅಷ್ಟೆ. ಸಿಗರೇಟು ಬಿಡುವುದು ಎಂಬ ಒಂದೇ ಒಂದು ಒಳ್ಳೆಯ ಕೆಲಸಕ್ಕೆ ಕೈಹಾಕಿದ್ದೆ, ಅದರಲ್ಲೂ ಅವು ನನ್ನನ್ನು ಬಿಡಲಿಲ್ಲ.

ನಾನು ಮೈಸೂರಿನವನು, ಈಗ ಇರುವುದು ಡಚ್ಚರ ದೇಶದಲ್ಲಿ. ಮನೆ ಜೂಟರ್‌ಮೀರ್‌ನಲ್ಲಿ, ಆಫೀಸು ರೈಸ್‌ವೈಕ್‌ನಲ್ಲಿ. ಒಂದೂವರೆ ಲಕ್ಷ ವೋಲ್ಟಿನ ಲೈನುಗಳ ಮೇಲೆ ಕೆಲಸ ಮಾಡುವವರು ಸಾಯದಂತೆ ನಿಯಮ ಬರೆಯುವುದು ನನ್ನ ಉದ್ಯೋಗ. ರಿಪೇರಿಗೆ ಇಳಿಯುವವನು ಸ್ವಿಚ್ಚಿಗೆ ತನ್ನ ಬೀಗ ಹಾಕಬೇಕು, ಹಾಕಿದವನೇ ಬಂದು ತೆಗೆಯಬೇಕು, ಬೇರೆ ಯಾರೂ, ಡೈರೆಕ್ಟರೇ ಆದರೂ, ಮುಟ್ಟಕೂಡದು. ಇದು ನಾನೇ ಬರೆದ ನಿಯಮ. ಹದಿನೆಂಟು ವರ್ಷ ಸಿಗರೇಟು ಸೇದಿದವನೂ ನಾನೇ.

ಮಗಳಿಗೆ ಹತ್ತು ವರ್ಷ. ನಮ್ಮದು ಮೂರು ಜನ ಕೂರುವ ಸೋಫಾ. ಅದರಲ್ಲಿ ನನಗೆ ಒರಗಿಕೊಂಡು ಟಿವಿ ನೋಡುತ್ತಿದ್ದವಳು ಒಂದು ಸಂಜೆ ಎದ್ದು ಆ ತುದಿಗೆ ಹೋಗಿ ಕೂತಳು. "ಪಪ್ಪಾ, ಯೂ ಸ್ಟಿಂಕ್" ಅಂದಳು. ನಾನು ನಾರುತ್ತಿದ್ದೇನೆ ಎಂಬುದು ನನಗೆ ಅರ್ಥವಾಗಲಿಲ್ಲವೇನೋ ಎಂದು ಡಚ್ಚಿನಲ್ಲೂ ಹೇಳಿದಳು. ನನಗೆ ಅಳು ಬರುವಷ್ಟು ಬೇಜಾರಾಯಿತು. ಮಾರನೇ ದಿನವೇ ಇ-ಸಿಗರೇಟಿನ ಅಂಗಡಿಗೆ ಹೋದೆ.

೧. ಅನುಭವಸ್ಥ

ಅಂಗಡಿಯವನ ಕತ್ತಿನ ತುಂಬ ಹಚ್ಚೆ, ಮಾತಿನ ತುಂಬ ತಾಳ್ಮೆ. ವೋಲ್ಟೇಜನ್ನು ನಾವೇ ಏರಿಸಿ ಇಳಿಸಬಹುದಾದ ಒಂದು ಯಂತ್ರ ತೋರಿಸಿದ. ಅಂಗೈಯಗಲದ ಪೆಟ್ಟಿಗೆ, ಪುಟ್ಟ ಪರದೆ, ಒಂದು ಗುಂಡಿ, ಮೇಲೊಂದು ಕೊಳವೆ. ಮಾವಿನಹಣ್ಣಿನ ರುಚಿಯದು ಇದೆಯೇ ಎಂದು ಕೇಳಿದೆ. ಈ ದೇಶದಲ್ಲಿ ಹಣ್ಣಿನದೆಲ್ಲ ನಿಷೇಧ, ತಂಬಾಕಿನ ರುಚಿಯೊಂದೇ ಮಾರುವುದು ಎಂದ.

"ಒಳಗೆ ಬಿಸಿಯಾಗುವ ಕಾಯಿಲ್ ಇದೆ, ಅದರ ಸುತ್ತ ಹತ್ತಿ ಇದೆ. ನಿಕೋಟಿನ್ ಬೆರೆತ ಲಿಕ್ವಿಡ್ ಹಾಕಿದ ಮೇಲೆ ಹತ್ತು ನಿಮಿಷ ನೆನೆಯಲು ಬಿಡಿ. ಮೂರೂವರೆ ವೋಲ್ಟಿನಿಂದ ಶುರು ಮಾಡಿ. ಏರಿಸುವುದಾದರೆ ಸ್ವಲ್ಪಸ್ವಲ್ಪವೇ ಏರಿಸಿ. ಮೆಲ್ಲಗೆ ಎಳೆಯಿರಿ."

"ಇದು ಎಲ್ಲಿಯ ತನಕ ಹೋಗುತ್ತೆ?"

"ಆರು ವೋಲ್ಟ್. ಆದರೆ ಹೊಸಬರು—"

"ನಾನು ದಿನಾ ಕೆಲಸ ಮಾಡುವುದು ಒಂದೂವರೆ ಲಕ್ಷ ವೋಲ್ಟಿನ ಜೊತೆ" ಎಂದೆ, ಸ್ವಲ್ಪ ಗತ್ತಿನಿಂದಲೇ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ಅದನ್ನೂ ಬಾಯಲ್ಲಿ ಇಟ್ಟುಕೊಳ್ಳುತ್ತೀರಾ?"

೨. ನೆನೆಸುವುದು

ಮನೆಗೆ ಬಂದವನೇ ಹಿತ್ತಿಲಿಗೆ ಹೋದೆ. ಹತ್ತು ನಿಮಿಷವೆಲ್ಲ ಹೊಸಬರಿಗೆ. ಲಿಕ್ವಿಡ್ ಸುರಿದೆ, ಆರು ವೋಲ್ಟಿಗೆ ಇಟ್ಟೆ, ಗುಂಡಿ ಒತ್ತಿ ಬಲವಾಗಿ ಒಂದು ದಮ್ಮು ಎಳೆದೆ. ಒಣಹತ್ತಿ ಸುಟ್ಟ ಹೊಗೆ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದು ಬೇಲಿ ಹಿಡಿದು ನಿಂತೆ.

ನನ್ನ ಹೆಂಡತಿ ನಿಪ್ಪಾಣಿಯವಳು. ಅಡುಗೆಮನೆಯ ಕಿಟಕಿಯಿಂದ ತಲೆ ಹೊರಹಾಕಿ, "ಅಲ್ರೀ, ಯಾರ ಮನ್ಯಾಗೋ ಇಸ್ತ್ರಿ ಹಚ್ಚಿ ಅರಬಿ ಮ್ಯಾಲೇ ಬಿಟ್ಟಾರ ನೋಡ್ರಿ" ಎಂದಳು. ಆಮೇಲೆ ನನ್ನ ಮುಖ ನೋಡಿದಳು, ಯಂತ್ರ ನೋಡಿದಳು, ಕೈಯೊರೆಸಿಕೊಂಡು ಬಂದು ನಾನು ಬಿಚ್ಚದೆ ಬಿಸಾಕಿದ್ದ ಕೈಪಿಡಿಯನ್ನು ಓದತೊಡಗಿದಳು.

"ಅವಲಕ್ಕಿ ಸೈತ ತೊಯ್ಯಾಕ ಬಿಡತೀವಿ. ನಿಮಗ ಹತ್ತು ನಿಮಿಷ ತಾಳಾಕ ಆಗಲಿಲ್ಲೇನು?"

ಸುಟ್ಟ ಕಾಯಿಲ್ ಅವಳೇ ತೆಗೆದಳು, ಹೊಸದು ಹಾಕಿದಳು, ಹತ್ತಿಗೆ ಹನಿಹನಿಯಾಗಿ ಲಿಕ್ವಿಡ್ ಕುಡಿಸಿದಳು. ಇಡ್ಲಿಗೆ ಇಡುವ ಟೈಮರನ್ನು ಹತ್ತು ನಿಮಿಷಕ್ಕೆ ತಿರುಗಿಸಿ ಮುಂದಿಟ್ಟಳು. ಅದು ಕಿರ್ ಅನ್ನುವ ತನಕ ಯಂತ್ರ ಮುಟ್ಟಗೊಡಲಿಲ್ಲ. "ಮೂರೂವರಿ ಅಂದ್ರ ಮೂರೂವರಿ. ಹಂ, ಈಗ ಮೆಲ್ಲಕ ಎಳೀರಿ. ಮೆಲ್ಲಕ ಅಂದೆ."

ಎಳೆದೆ. ಹಿತವಾಗಿತ್ತು. ಮೊದಲ ಸಲ ಇದು ಕೈಗೂಡಬಹುದು ಅನ್ನಿಸಿತು.

ಅವಳು ಎದ್ದು ಸೆರಗು ಕೊಡವಿಕೊಂಡಳು. "ಬೀಡಿ ಕೈಲೇ ಮುಟ್ಟದಾಕಿ ನಾ, ಕಟ್ಟಿಕೊಂಡ ಗಂಡಗ ಸೇದೂದು ಕಲಸೂ ಹಂಗಾತು. ನಮ್ಮವ್ವಗ ಹೇಳಿಗೀಳೀರಿ ಮತ್ತ."

೩. ಜೇಬು

ಅಂಗಡಿಯವನು ಹೆಚ್ಚುವರಿ ಬ್ಯಾಟರಿಗೆಂದು ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದ. ಬ್ಯಾಟರಿ ಯಾವಾಗಲೂ ಇದರಲ್ಲೇ ಇರಲಿ, ನಾಣ್ಯ ಕೀಲಿಗಳ ಜೊತೆ ಹಾಕಬೇಡಿ ಎಂದೂ ಹೇಳಿದ್ದ. ಮುಚ್ಚಳ ಗಟ್ಟಿಯಾಗಿ ಕೂರುವ ಡಬ್ಬಿ ನಮ್ಮ ಮನೆಯಲ್ಲಿ ಖಾಲಿ ಇರುವುದುಂಟೇ? ಮರುದಿನ ನೋಡಿದರೆ ಅದರಲ್ಲಿ ಏಲಕ್ಕಿ ಇತ್ತು. ನಾನು ಬ್ಯಾಟರಿಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು, ಅದರ ಮೇಲೆ ಮನೆಯ ಕೀಲಿಗೊಂಚಲನ್ನೂ ಇಳಿಬಿಟ್ಟು ಆಫೀಸಿಗೆಂದು ಹೇಗ್ ನಗರದ ಕಡೆಯ ಟ್ರಾಮ್ ಹತ್ತಿದೆ.

ಅವತ್ತು ಆಫೀಸಿನಲ್ಲಿ ಹೊಸದಾಗಿ ಸೇರಿದವರಿಗೆ ನನ್ನ ಪಾಠವಿತ್ತು. ವಿಷಯ: ಶಾರ್ಟ್ ಸರ್ಕ್ಯೂಟ್. ಎರಡು ತುದಿಗಳಿಗೆ ಲೋಹ ತಗುಲಿದರೆ ಏನಾಗುತ್ತದೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಟ್ರಾಮಿನಲ್ಲಿ ಕೂತಿದ್ದಾಗ ಬಲತೊಡೆ ಬೆಚ್ಚಗಾಯಿತು. ಬೆಚ್ಚಗಿದ್ದದ್ದು ಬಿಸಿಯಾಯಿತು, ಬಿಸಿಯಾದದ್ದು ಸುಡತೊಡಗಿತು. ಎದ್ದು ಒಂಟಿ ಕಾಲಿನಲ್ಲಿ ಕುಣಿಯತೊಡಗಿದೆ. ಎದುರಿಗಿದ್ದ ಅಜ್ಜಿ ತನ್ನ ನಾಯಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡಿದಳು. ಅದೇ ಗಳಿಗೆಗೆ ಟಿಕೆಟ್ ತಪಾಸಣೆಯವನು ಬಂದ.

"ಶುಭೋದಯ. ನಿಮ್ಮ ಕಾರ್ಡ್?"

"ಕಾರ್ಡ್ ಜೇಬಿನಲ್ಲಿದೆ! ಜೇಬು ಸುಡ್ತಾ ಇದೆ!"

"ಪರವಾಗಿಲ್ಲ" ಎಂದ, ಬಹಳ ಮರ್ಯಾದೆಯಿಂದ. "ಕಾಯುತ್ತೇನೆ."

ಕೀಲಿ, ಬ್ಯಾಟರಿ, ಕಾರ್ಡು ಎಲ್ಲವನ್ನೂ ನೆಲಕ್ಕೆ ಚೆಲ್ಲಿದೆ. ಅವನು ಬಗ್ಗಿ ಕಾರ್ಡೊಂದನ್ನೇ ಎತ್ತಿ, ತನ್ನ ತಪಾಸಣೆ ಯಂತ್ರಕ್ಕೆ ಹಿಡಿದು ನೋಡಿ, ವಂದನೆ ಹೇಳಿ ಮುಂದೆ ಹೋದ.

ಪ್ಯಾಂಟಿನಲ್ಲಿ ರೂಪಾಯಿಯಗಲದ ತೂತಾಗಿತ್ತು. ಅದರಲ್ಲೇ ಹೋಗಿ ಒಂದು ಗಂಟೆ ಪಾಠ ಮಾಡಿದೆ. ಕೊನೆಯಲ್ಲಿ ಪ್ರಶ್ನೆಗಳಿವೆಯೇ ಎಂದಾಗ ಮುಂದಿನ ಸಾಲಿನ ಹುಡುಗಿ ಕೈಯೆತ್ತಿ, ನಿಮ್ಮ ಪ್ಯಾಂಟಿಗೆ ಏನಾಯಿತು ಎಂದು ಕೇಳಿದಳು. "ಉದಾಹರಣೆ" ಎಂದೆ.

೪. ಫ್ರಿಜ್ಜಿನ ಮೇಲಿನ ಪಟ್ಟಿ

ಮಗಳು ಒಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಲಿಕ್ವಿಡ್ಡಿನಲ್ಲಿರುವ ನಿಕೋಟಿನ್ನಿನ ಮಿಲಿಗ್ರಾಂ ಲೆಕ್ಕ: ಹದಿನೆಂಟು, ಹನ್ನೆರಡು, ಆರು, ಮೂರು, ಸೊನ್ನೆ. ನಾನು ಹನ್ನೆರಡಕ್ಕೆ ಇಳಿದ ವಾರ ಸೋಫಾದ ತುದಿ ಬಿಟ್ಟು ಮಧ್ಯಕ್ಕೆ ಬಂದಳು. ಆರಕ್ಕೆ ಇಳಿದಾಗ ಅವಳ ಮೊಣಕೈ ನನಗೆ ತಗುಲುವಷ್ಟು ಹತ್ತಿರ ಬಂದಿದ್ದಳು. ಇಷ್ಟು ಸಣ್ಣ ವಿಷಯಕ್ಕೆ ಅಷ್ಟು ಸಂತೋಷಪಟ್ಟದ್ದು ನೆನಪಿಲ್ಲ.

ಮೂರಕ್ಕೆ ಇಳಿದ ಮೇಲೆ ನನ್ನ ಕೈಲಾಗಲಿಲ್ಲ. ಆಫೀಸಿನಲ್ಲಿ ಕೆಲಸ ಜಾಸ್ತಿ, ತಲೆ ಸಿಡಿಯುತ್ತಿತ್ತು. ಯಾರಿಗೂ ಹೇಳದೆ ವೋಲ್ಟೇಜ್ ಏರಿಸತೊಡಗಿದೆ. ನಾಲ್ಕು, ನಾಲ್ಕೂವರೆ, ಐದು. ಹೊಗೆ ಹೆಚ್ಚಾದಷ್ಟೂ ನಿಕೋಟಿನ್ ಹೆಚ್ಚು ಸಿಗುತ್ತದೆ, ಪಟ್ಟಿಯಲ್ಲಿ ಮಾತ್ರ ಮೂರೇ. ಮಗಳು ಒಂದು ದಿನ ಯಂತ್ರದ ಪರದೆ ನೋಡಿದಳು.

"ನಿಕೋಟಿನ್ ಡೌನ್, ವೋಲ್ಟ್ಸ್ ಅಪ್. ದಟ್ಸ್ ಚೀಟಿಂಗ್, ಪಪ್ಪಾ."

ಎದ್ದು ಸೋಫಾದ ಆ ತುದಿಗೆ ಹೋದಳು.

ಇಲ್ಲಿಯ ಶಾಲೆಯಲ್ಲಿ ಪ್ರತಿ ಮಗುವೂ ವರ್ಷಕ್ಕೊಮ್ಮೆ ತನಗೆ ಬೇಕಾದ ವಿಷಯದ ಮೇಲೆ ತರಗತಿಯ ಮುಂದೆ ಮಾತಾಡಬೇಕು. ಉಳಿದ ಮಕ್ಕಳು ಕುದುರೆ, ಮೊಲ, ಜ್ವಾಲಾಮುಖಿ ಆರಿಸಿಕೊಂಡಿದ್ದರು. ನನ್ನ ಮಗಳು ನನ್ನನ್ನು ಆರಿಸಿಕೊಂಡಳು. ಗ್ರಾಫ್ ಕೂಡ ಬರೆದಿದ್ದಳಂತೆ. ಮರುದಿನ ಶಾಲೆಯ ಗೇಟಿನಲ್ಲಿ, ನಾನು ಎಂದೂ ನೋಡಿರದ ಒಬ್ಬ ಎತ್ತರದ ಅಪ್ಪ ನನ್ನ ಹೆಗಲು ತಟ್ಟಿ, "ಮೂರರಲ್ಲಿ ಸಿಕ್ಕಿಕೊಂಡಿದ್ದೀರಂತೆ, ಧೈರ್ಯ ತಂದುಕೊಳ್ಳಿ" ಎಂದ.

೫. ಖಂಡೇನವಮಿ

ದಸರೆಗೆ ಎರಡು ವಾರ ಮುಂಚೆ ಅತ್ತೆ ನಿಪ್ಪಾಣಿಯಿಂದ ಬಂದರು. ಮಾವನವರು ಎದೆಯ ಕಾಯಿಲೆಯಿಂದ ಹೋಗಿ ನಾಲ್ಕು ವರ್ಷ. ಅಳಿಯ ಸೇದುತ್ತಾನೆಂದು ಅತ್ತೆಗೆ ಗೊತ್ತಾಗಕೂಡದು ಎಂದು ಹೆಂಡತಿ ಕಟ್ಟಪ್ಪಣೆ ಮಾಡಿದ್ದಳು. ಬಂದ ಮೂರನೇ ದಿನವೇ ಅವರು ನನ್ನ ಮೇಜಿನ ಮೇಲಿದ್ದ ಯಂತ್ರ ಎತ್ತಿಕೊಂಡು, "ಇದೇನ್ರೀ ಇದು?" ಎಂದರು.

"ಆಫೀಸಿನದು ಅತ್ತೆ. ವೋಲ್ಟೇಜ್ ನೋಡುವ ಮಶೀನು."

ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. "ಐದು ತೋರಸಾಕತ್ತೈತಿ. ಈ ಮನ್ಯಾಗ ಕರೆಂಟ್ ಭಾಳ ಕಮ್ಮಿ ಐತಿ ಹಂಗಾರ."

ನಾವು ಆಯುಧಪೂಜೆ ಅನ್ನುವುದನ್ನು ಅವರ ಕಡೆ ಖಂಡೇನವಮಿ ಅನ್ನುತ್ತಾರೆ. ಅವತ್ತು ಹಾರ್ಲೆಮ್‌ನಿಂದ ನನ್ನ ಗೆಳೆಯ ಸಂಸಾರ ಸಮೇತ ಬಂದಿದ್ದ. ದೇವರ ಗೂಡಿನ ಮುಂದೆ ಅತ್ತೆ ಎಲ್ಲವನ್ನೂ ಸಾಲಾಗಿ ಜೋಡಿಸಿದ್ದರು: ಎರಡು ಲ್ಯಾಪ್‌ಟಾಪ್, ನಾಲ್ಕು ಸೈಕಲ್ಲಿನ ಕೀಲಿ, ಮಿಕ್ಸರ್, ಕುಕ್ಕರ್, ಈಳಿಗೆಮಣೆ. ನಡುವೆ ನನ್ನ ಯಂತ್ರ. ಗುಂಡಿಯ ಮೇಲೆ ದಪ್ಪಗೆ ಗಂಧ, ಅದರ ಮೇಲೆ ಕುಂಕುಮ, ಕೊಳವೆಯ ತುದಿಗೊಂದು ಸೇವಂತಿಗೆ. ಎತ್ತಿಕೊಳ್ಳಲು ಕೈ ಚಾಚಿದೆ. ಹೆಂಡತಿ ಕಣ್ಣಲ್ಲೇ ಸುಮ್ಮನಿರಿ ಎಂದಳು.

ಆರತಿ ಶುರುವಾಯಿತು. ಅತ್ತೆ ಕುಂಕುಮ ಸರಿಯಾಗಿ ಕೂರಲೆಂದು ಹೆಬ್ಬೆರಳಿನಿಂದ ಇನ್ನೊಮ್ಮೆ ಒತ್ತಿದರು. ಗುಂಡಿ ಒಳಗೆ ಹೋದದ್ದು ಗಂಧಕ್ಕೆ ಅಂಟಿಕೊಂಡು ಹೊರಗೆ ಬರಲಿಲ್ಲ. ಸೇವಂತಿಗೆಯ ಎಸಳುಗಳ ನಡುವಿನಿಂದ ಬೆಳ್ಳಗೆ ಹೊಗೆ ಎದ್ದಿತು. ಹತ್ತು ಸೆಕೆಂಡಿಗೆ ಯಂತ್ರ ತಾನಾಗಿ ನಿಲ್ಲುತ್ತದೆ, ಆದರೆ ಐದು ವೋಲ್ಟಿನ ಹತ್ತು ಸೆಕೆಂಡು ಸಣ್ಣದಲ್ಲ. ದೇವರು ಕಾಣದಾದರು. ಮೇಲೆ ಚಾವಣಿಯಲ್ಲಿದ್ದ ಹೊಗೆಯ ಅಲಾರಂ ಕಿವಿ ಕಿತ್ತುಹೋಗುವಂತೆ ಕೂಗತೊಡಗಿತು. ಅತ್ತೆ ಅದಕ್ಕೂ ಬೆಚ್ಚದೆ, ಅದರ ತಾಳಕ್ಕೇ ಗಂಟೆ ಬಾರಿಸುತ್ತ ಆರತಿ ಮುಗಿಸಿದರು.

ಹಾರ್ಲೆಮ್‌ನ ಗೆಳೆಯ ಆರತಿ ಕಣ್ಣಿಗೊತ್ತಿಕೊಂಡು ನನ್ನ ಕಿವಿಯಲ್ಲಿ ಕೇಳಿದ: "ಆಟೋಮ್ಯಾಟಿಕ್ ಧೂಪಾನಾ? ಸೂಪರ್ ಕಣೋ. ಎಲ್ಲಿ ತಗೊಂಡೆ?"

ಪೂಜೆಗಿಟ್ಟದ್ದನ್ನು ಮಾರನೇ ದಿನ, ದಶಮಿಯಂದು, ಇಟ್ಟವರೇ ಪೂಜೆ ಮಾಡಿ ಕದಲಿಸಬೇಕು. ಅಲ್ಲಿಯ ತನಕ ಯಾರೂ ಮುಟ್ಟುವಂತಿಲ್ಲ. ಒಂದು ದಿನ ಒಂದು ರಾತ್ರಿ ಹೇಗೋ ಹಲ್ಲು ಕಚ್ಚಿ ತಡೆದೆ. ಬೆಳಿಗ್ಗೆ ಅತ್ತೆ ಒಂದೊಂದಕ್ಕೂ ಅಕ್ಷತೆ ಹಾಕಿ ಕದಲಿಸಿದರು. ಲ್ಯಾಪ್‌ಟಾಪ್ ಕೊಟ್ಟರು. ಕೀಲಿ ಕೊಟ್ಟರು. ಈಳಿಗೆಮಣೆ ಅಡುಗೆಮನೆಗೆ ಹೋಯಿತು. ಯಂತ್ರ ಮಾತ್ರ ಅಲ್ಲೇ ಇತ್ತು.

"ಅತ್ತೆ, ಅದು ಆಫೀಸಿಗೆ ಬೇಕಿತ್ತು."

"ಅದನ್ನ ನಾ ಇನ್ನ ಕದಲಿಸಿಲ್ಲ."

"ಯಾವಾಗ ಕದಲಿಸ್ತೀರಿ?"

"ಮುಂದಿನ ಖಂಡೇನವಮಿಗೆ ಬರ್ತೀನಲ್ಲ, ಆವಾಗ ನೋಡೂಣು." ಅಕ್ಷತೆಯ ತಟ್ಟೆ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನಾ ನಿಪ್ಪಾಣಿಯಾಗ ಹುಟ್ಟಿ ಬೆಳದಾಕಿ. ಊರ ತುಂಬ ತಂಬಾಕದ ಗೋದಾಮು. ಬಂದ ದಿನಾನ ವಾಸನಿ ಹಿಡದೀನಿ. ನಿಮ್ಮ ಮಾವಗ ಸೇದೂದು ಬಿಡ್ರಿ ಅಂತ ಮೂವತ್ತು ವರ್ಷ ಬಾಯಿಲೇ ಹೇಳಿದೆ, ಕೇಳಲಿಲ್ಲ. ನಿಮಗ ಹೇಳೂದಿಲ್ಲ. ದೇವರ ಮುಂದ ಇಟ್ಟಬಿಟ್ಟೀನಿ."

ಹೆಂಡತಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ಬ್ಯಾಟರಿ ಒಳಗೆ ಬಿಟ್ಟರೆ ಅಪಾಯ ಎಂದಷ್ಟೇ ಹೇಳಿದೆ. ಅದಕ್ಕೆ ಒಪ್ಪಿ ಅವರೇ ತೆಗೆದುಕೊಟ್ಟರು. ಏಲಕ್ಕಿಯನ್ನು ಬಟ್ಟಲಿಗೆ ಸುರಿದು, ಕೊನೆಗೂ ಆ ಡಬ್ಬಿಯಲ್ಲಿ ಬ್ಯಾಟರಿ ಹಾಕಿದೆವು.

ಅತ್ತೆ ಊರಿಗೆ ಹೋಗಿ ನಾಲ್ಕು ತಿಂಗಳಾಯಿತು. ಮೊದಲ ವಾರಗಳು ಹೇಗೆ ಕಳೆದವೆಂದು ಕೇಳಬೇಡಿ. ಒಮ್ಮೆ ಹೊಸದೊಂದು ಕೊಳ್ಳೋಣವೆಂದು ಅಂಗಡಿಗೆ ಹೋದದ್ದೂ ಉಂಟು. ಹಚ್ಚೆಯವನು ಗುರುತು ಹಿಡಿಯದೆ, "ಹೊಸಬರೇ? ಮೊದಲು ಹತ್ತು ನಿಮಿಷ ನೆನೆಯಲು ಬಿಡಿ" ಎಂದು ಶುರು ಮಾಡಿದ. ಮತ್ತೆ ಮೊದಲಿಂದ ಎಲ್ಲ ಮಾಡುವುದನ್ನು ನೆನೆದು ಸುಸ್ತಾಗಿ ವಾಪಸು ಬಂದೆ. ಮಗಳು ಪಟ್ಟಿಯ ಸೊನ್ನೆಗೆ ಸುತ್ತು ಹಾಕಿದ್ದಾಳೆ. ಸಂಜೆ ನನಗೆ ಒರಗಿಕೊಂಡೇ ಟಿವಿ ನೋಡುತ್ತಾಳೆ, ನನ್ನ ಎಡತೋಳು ಜೋಮು ಹಿಡಿಯುವ ತನಕ.

ಪ್ರತಿ ಭಾನುವಾರ ಅತ್ತೆ ವಿಡಿಯೋ ಕಾಲ್ ಮಾಡುತ್ತಾರೆ. ಊಟ ಆಯ್ತೇನು ಎಂದು ಕೇಳುವ ಮೊದಲು, "ದೇವರ ಗೂಡು ತೋರಸ್ರಿ" ಅನ್ನುತ್ತಾರೆ. ಗುಂಡಿಯ ಮೇಲಿನ ಗಂಧ ಬಿರುಕು ಬಿಟ್ಟಿಲ್ಲವೆಂದು ನೋಡಿದ ಮೇಲೆಯೇ ಮುಂದಿನ ಮಾತು.

ಮೊನ್ನೆ ಹಾರ್ಲೆಮ್‌ನ ಗೆಳೆಯ ಬಂದವನು ಎಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿನ್ನ ಮನೆ, ನಿನ್ನ ಮಶೀನು. ಅವರು ಇರೋದು ಏಳು ಸಾವಿರ ಕಿಲೋಮೀಟರ್ ದೂರ. ಎತ್ತಿಕೊಂಡರೆ ಯಾರು ಕೇಳ್ತಾರೋ?"

"ಆಗಲ್ಲ ಕಣೋ" ಎಂದೆ. "ಬೀಗ ಹಾಕಿದವರೇ ಬಂದು ತೆಗೀಬೇಕು. ಬೇರೆ ಯಾರೂ, ಡೈರೆಕ್ಟರೇ ಆದರೂ, ಮುಟ್ಟೋ ಹಾಗಿಲ್ಲ. ಬರೆದವನು ನಾನೇ."