ಒತ್ತಾಯ ಇಲ್ಲದ ಊಟ

ನಿಂಬರ್ಗಾದ ತೊಗರಿ ವ್ಯಾಪಾರಿ ಅಣ್ಣಾರಾಯ ಆವತ್ತು ಬೆಳಿಗ್ಗೆ ರೊಟ್ಟಿ ಮುಟ್ಟದೆ ಮನೆ ಬಿಟ್ಟದ್ದೇ ಎಲ್ಲ ಅನರ್ಥಕ್ಕೂ ಮೂಲ. ಸಲಹೆ ಪಕ್ಕದ ಮನೆಯ ಮಲ್ಕಪ್ಪನದು.

"ಹೊಟ್ಟಿ ಖಾಲಿ ಇಟ್ಕೊಂಡು ನಡೀರಿ. ವಕೀಲಸಾಬ್ರು ಕಲಬುರ್ಗಿ ಸ್ಪೇನ್ ಹೋಟೆಲಿನ್ಯಾಗ ಊಟ ಹಾಕಸ್ತಾರ. ನಿಜಾಮರ ಸರ್ಕಾರದ ದೊಡ್ಡ ಸಾಹೇಬ್ರು ಉಣ್ಣೋ ಜಾಗಾ ಅದು!"

ವಕೀಲ ದೌಲತರಾಯರ ಮಗನಿಗೆ ಅಣ್ಣಾರಾಯನ ಮಗಳನ್ನು ಕೊಡುವ ಮಾತು ಮುಕ್ಕಾಲು ಮುಗಿದಿತ್ತು. ಬೀಗರ ನಡೆನುಡಿ ನೋಡುವುದೊಂದೇ ಬಾಕಿ. ಸಂಬಂಧ ಕುದುರಿಸಿದ ಮಲ್ಕಪ್ಪನೂ ಜೊತೆಗೆ ಹೊರಟ.

ಹಡಗಿನಲ್ಲಿ ಅಡಿಗೆ ಮಾಡುತ್ತ ಸ್ಪೇನ್ ಕಂಡು ಬಂದ ಗೋವೆಯ ಬಟ್ಲರನೊಬ್ಬ ಸ್ಟೇಷನ್ ಹತ್ತಿರ ತೆರೆದ ಹೋಟೆಲು ಅದು. ಅಲ್ಲಿಯ ಮೇಜಿಗೂ ಧೋತರ ಉಡಿಸಿದ್ದರು. ವಕೀಲರು ಮೊದಲೇ ಹೇಳಿ ಬರೀ ಕಾಯಿಪಲ್ಲೆಯ ಅಡಿಗೆ ಮಾಡಿಸಿದ್ದರು.

ನಿಂಬರ್ಗಾ ಕಡೆ, ಮೊದಲ ಸಲ ಕೇಳಿದಾಗಲೇ "ಹಾಕ್ರಿ" ಅನ್ನುವ ಬೀಗನನ್ನು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವನು ಬ್ಯಾಡ ಅನ್ನಬೇಕು, ತಾಟಿಗೆ ಕೈ ಅಡ್ಡ ಹಿಡಿಯಬೇಕು, ಬಡಿಸುವವರು ಆ ಕೈ ಸರಿಸಿ ಹಾಕಬೇಕು.

ತಣ್ಣಗಿನ ಟೊಮ್ಯಾಟೊ ಸಾರು ಬಂತು. "ಬ್ಯಾಡ್ರಿ," ಅಂದ ಅಣ್ಣಾರಾಯ. ಮಾಣಿ ಮುಂದೆ ಹೋದ. ಹುರಿದ ಆಲೂಗಡ್ಡೆ ಬಂತು. ಕೈ ಅಡ್ಡ ಹಿಡಿದ. ಮಾಣಿ ಕೈಯ ಕೆಳಗಿನ ತಾಟನ್ನೇ ಒಯ್ದ. ಕೊನೆಗೆ ಅಗಲವಾದ ಬಾಣಲೆಯಲ್ಲಿ ಘಮಘಮಿಸುವ ಕೇಸರಿ ಅನ್ನ ಬಂತು. "ಬ್ಯಾಡ್ರೆಪಾ..." ಎಂದು ಅಣ್ಣಾರಾಯ ಎಷ್ಟು ಸಣ್ಣ ದನಿ ತೆಗೆದನೆಂದರೆ, ನಿಂಬರ್ಗಾದಲ್ಲಾಗಿದ್ದರೆ ಬಾಣಲೆಯನ್ನೇ ಸುರಿಯುತ್ತಿದ್ದರು. ಮಾಣಿ ತಲೆಬಾಗಿ ನಡೆದ. ಮಲ್ಕಪ್ಪ ಮಾತ್ರ ಎಲ್ಲಕ್ಕೂ "ಹಾಕು" ಎಂದು ಹಾಕಿಸಿಕೊಂಡ. ಬೀಗನಲ್ಲದವನಿಗೆ ಯಾತರ ಬಿಗುವು?

ಊಟ ಮುಗಿದು ಬಡೆಸೋಪು ಬಂದ ಮೇಲೆ ವಕೀಲರು ಅಂದರು: "ಏನೂ ಉಣ್ಣಲೇ ಇಲ್ಲಲ್ರಿ ಬೀಗ್ರ? ಇಲ್ಲಿ ಒತ್ತಾಯ ಮಾಡೂದಿಲ್ಲ. ಬೇಕಂದ್ರ ಬೇಕು, ಬ್ಯಾಡಂದ್ರ ಬ್ಯಾಡ. ನನಗಂತೂ ಈ ರಿವಾಜು ಭಾಳ ಸೇರ್ತದ."

ಈ ಮಾತನ್ನು ಅಣ್ಣಾರಾಯನ ಹೊಟ್ಟೆ ಚೆನ್ನಾಗಿ ನೆನಪಿಟ್ಟುಕೊಂಡಿತು.

ಅಲ್ಲಿಂದ ವಕೀಲರ ಮನೆಗೆ ಹೋದರು. ಅವರ ಹೆಂಡತಿ ಸುಭದ್ರಾಬಾಯಿ ಸೆರಗು ಹೊದ್ದು ಬಾಗಿಲಿಗೆ ಬಂದು, "ಎರಡು ರೊಟ್ಟಿ ಉಂಡು ಹೋಗ್ರಿ ಬೀಗ್ರ," ಅಂದಳು. ಉಂಡು ಬಂದವರಿಗೂ ಹೀಗೆ ಅನ್ನುವುದು ಪದ್ಧತಿ. ಬ್ಯಾಡ ಅನ್ನುವುದೂ ಪದ್ಧತಿ.

"ಹೂಂರಿ, ಬಡಸ್ರಿ," ಅಂದ ಅಣ್ಣಾರಾಯ.

ಗಂಡಸರು ಹೋಟೆಲಿನಲ್ಲಿ ಉಣ್ಣುತ್ತಾರೆಂದು ಆಕೆ ಒಲೆಯನ್ನೇ ಹಚ್ಚಿರಲಿಲ್ಲ. ಒಳಗೆ ಖಾಲಿ ಬುಟ್ಟಿ ಸರಿಸಿದ ಸದ್ದಾಯಿತು. ಆಮೇಲೆ ಹಿತ್ತಿಲಿನಿಂದ ಓಣಿಗೆಲ್ಲ ಕೇಳುವಂತೆ ಆಕೆಯ ಕೂಗು: "ಕಸ್ತೂರಿಬಾಯಿ, ರೊಟ್ಟಿ ಇದ್ರ ಕೊಡ್ರಿ, ಬೀಗ್ರು ಹಸಕೊಂಡು ಕುಂತಾರ!" ನೆರೆಮನೆಯ ಕಸ್ತೂರಿಬಾಯಿಯ ಬುಟ್ಟಿಯೂ ಖಾಲಿ. ಕಡೆಗೆ ಚಹಾ ಬಂತು. ವಕೀಲರು ಬಾಗಿಲಲ್ಲಿ ಬಿಟ್ಟ ತಮ್ಮ ಜೋಡು ನೋಡುತ್ತ ಕೂತರು. ಹೊರಡುವಾಗ ಮಲ್ಕಪ್ಪನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು.

ಮೋಟಾರಿನಲ್ಲಿ ಮಲ್ಕಪ್ಪ ಬಾಯಿ ಬಿಟ್ಟ. "ಹುಡುಗಗ ಈ ವರ್ಷ ಗುರುಬಲ ಇಲ್ಲಂತ್ರಿ."

"ಮುಂಜಾನಿ ತನಕಾ ಇತ್ತಲ್ಲೋ?"

"ನೀವು ಹೂಂ ಅನ್ನೋ ತನಕಾ ಇತ್ರಿ."

ಸಂಜೆ ಇಬ್ಬರೂ ಅಣ್ಣಾರಾಯನ ಮನೆಗೆ ಬಂದರೆ ಬಿಸಿ ರೊಟ್ಟಿ, ಎಣ್ಣೆಗಾಯಿಯ ವಾಸನೆ. ಮಗಳು ಬಾಗಿಲ ಮರೆಯಲ್ಲಿ ನಿಂತಿದ್ದಳು. ಅಣ್ಣಾರಾಯ ಅವಳ ಕಡೆ ನೋಡದೆ ರುಮಾಲು ಬಿಚ್ಚುತ್ತ ಕೂತ.

"ಸ್ಪೇನ್ ಊಟ ಉಂಡು ಬಂದೀರಿ. ರೊಟ್ಟಿ ಹಾಕ್ಲೋ ಬ್ಯಾಡೋ?" ಕೇಳಿದಳು ಹೆಂಡತಿ ಮಾಣಿಕಮ್ಮ.

ಹೂಂ ಅನ್ನುವ ಧೈರ್ಯ ಅವನಲ್ಲಿ ಉಳಿದಿರಲಿಲ್ಲ. "ಬ್ಯಾಡ," ಅಂದ.

ಮಾಣಿಕಮ್ಮ ಗಂಡನ ಮುಂದಿನ ತಾಟು ಎತ್ತಿಕೊಂಡು ಮಲ್ಕಪ್ಪನ ಮುಂದೆ ಇಟ್ಟಳು.

"ಬ್ಯಾಡ್ರಿ ವೈನಿ, ಹೊಟ್ಟಿ ತುಂಬೇದ," ಎಂದು ಮಲ್ಕಪ್ಪ ಕೈ ಅಡ್ಡ ಹಿಡಿದ.

"ಹಂಗಂದ್ರ ಹ್ಯಾಂಗ್ರಿ?" ಎಂದು ಮಾಣಿಕಮ್ಮ ಅವನ ಕೈ ಸರಿಸಿ ಮೂರು ರೊಟ್ಟಿ ಹಾಕಿದಳು.